ಫೋನಿನ ಬ್ಯಾಟರಿ ಬಾಳಿಸುವುದು, ಪೆನ್‌ಡ್ರೈವ್–ಹಾರ್ಡ್‌ಡಿಸ್ಕ್ ಜೋಡಿಸುವುದು: ಸಮಗ್ರ ಮಾರ್ಗದರ್ಶಿ

ಈಗಿನ ಫೋನಿಗೆ ಇರುವುದು ಒಂದೇ ಪೋರ್ಟು. ಕರೆಂಟು ಒಳಗೆ ಹೋಗುವುದೂ ಅಲ್ಲಿಂದಲೇ, ಪೆನ್‌ಡ್ರೈವ್ ಸಿಕ್ಕಿಸಿದರೆ ಹೊರಗೆ ಬರುವುದೂ ಅಲ್ಲಿಂದಲೇ. ‘ಚಾರ್ಜ್ ನಿಲ್ಲುತ್ತಿಲ್ಲ’, ‘ಸ್ಟೋರೇಜ್ ಫುಲ್’ ಎಂಬ ಎರಡು ದೂರುಗಳನ್ನು ಒಟ್ಟಿಗೇ ನೋಡುವುದು ಅದಕ್ಕಾಗಿಯೇ. ಹೊರಗಿನ ಡಿಸ್ಕ್ ಓಡಬೇಕಾದ್ದು ನಿಮ್ಮ ಬ್ಯಾಟರಿಯ ದುಡ್ಡಿನಲ್ಲಿ.

ಮೊದಲು ಆ ದುಡ್ಡು ಎಷ್ಟಿದೆ ಅಂತ ಲೆಕ್ಕ ಹಾಕೋಣ. 5000 ಎಂಎಎಚ್ ಅಂತ ಡಬ್ಬಿಯ ಮೇಲೆ ಬರೆದಿರುವ ಬ್ಯಾಟರಿಯ ಸರಾಸರಿ ವೋಲ್ಟೇಜ್ ಸುಮಾರು 3.85. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 19 ವ್ಯಾಟ್-ಅವರ್ ಚಿಲ್ಲರೆ. ಅಂದರೆ ಸತತವಾಗಿ 1 ವ್ಯಾಟ್ ಎಳೆಯುವ ಕೆಲಸವಾದರೆ 19 ಗಂಟೆ, 4 ವ್ಯಾಟ್ ಎಳೆದರೆ 5 ಗಂಟೆಯೂ ಇಲ್ಲ. ಈ 19 ಎಂಬ ಸಂಖ್ಯೆ ನೆನಪಿರಲಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಇಲ್ಲಿ ಕೊಟ್ಟಿರುವ ಮೆನುಗಳ ಹೆಸರು ಆಂಡ್ರಾಯ್ಡ್‌ನವು. ಕಂಪನಿಯಿಂದ ಕಂಪನಿಗೆ ಒಂದೆರಡು ಪದ ಬದಲಾಗುತ್ತವೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪಟ್ಟಿಯಲ್ಲಿ ಆ ಪದ ಟೈಪ್ ಮಾಡಿದರೆ ಸಾಕು. ಐಫೋನಿನ ವಿಷಯ ಕೊನೆಯ ಕಡೆಗೆ ಬೇರೆಯಾಗಿದೆ.

ಮೂರು ರಾತ್ರಿಯ ಪರೀಕ್ಷೆ

ಯಾವುದು ಚಾರ್ಜ್ ತಿನ್ನುತ್ತಿದೆ ಅಂತ ಗೊತ್ತಾಗುವ ಮೊದಲೇ ಹತ್ತು ಸೆಟ್ಟಿಂಗ್ ಬದಲಾಯಿಸಿದರೆ ಫೋನು ಬಳಸುವ ಸುಖವೂ ಹೋಗುತ್ತದೆ, ಕಳ್ಳನೂ ಸಿಗುವುದಿಲ್ಲ. ಹಗಲು ಹೊತ್ತು ನಾವೇ ಫೋನು ಬಳಸುತ್ತಿರುವುದರಿಂದ ಅಳತೆ ಕಷ್ಟ. ರಾತ್ರಿ ಅದು ಸುಮ್ಮನೆ ಮಲಗಿರಬೇಕು. ಮಲಗದೆ ಏನು ಮಾಡುತ್ತಿದೆ ನೋಡಿ.

1. ಮೊದಲ ರಾತ್ರಿ ಎಂದಿನಂತೆ ಎಲ್ಲವೂ ಆನ್ ಇರಲಿ. ಮಲಗುವ ಮುಂಚೆ ಚಾರ್ಜರ್ ತೆಗೆದು ಎಷ್ಟು ಪರ್ಸೆಂಟ್ ಇದೆ ಅಂತ ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ಪರದೆ ಮುಟ್ಟಿದ ತಕ್ಷಣ ಮತ್ತೆ ಬರೆಯಿರಿ.
2. ಎರಡನೇ ರಾತ್ರಿ ಫ್ಲೈಟ್ ಮೋಡ್ ಹಾಕಿ, ವೈಫೈ ಮತ್ತು ಬ್ಲೂಟೂತ್ ಕೂಡ ಆಫ್ ಮಾಡಿ. ಅಲಾರಂ ಕೆಲಸ ಮಾಡುತ್ತದೆ, ಆದರೆ ಕರೆ ಬರುವುದಿಲ್ಲ. ಮನೆಯಲ್ಲಿ ಕಾಯಿಲೆಯವರು ಇದ್ದರೆ ಇನ್ನೊಂದು ಫೋನು ಚಾಲೂ ಇರಲಿ.
3. ಮೂರನೇ ರಾತ್ರಿ ಫ್ಲೈಟ್ ಮೋಡ್ ತೆಗೆದು, ನೆಟ್‌ವರ್ಕ್ ಆನ್ ಇಟ್ಟು ಸೇಫ್ ಮೋಡ್. ಪವರ್ ಮೆನು ತೆರೆದು ‘ಪವರ್ ಆಫ್’ ಗುರುತನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಸೇಫ್ ಮೋಡ್ ಕೇಳುತ್ತದೆ. ನೀವು ಹಾಕಿಕೊಂಡ ಆಪ್‌ಗಳೆಲ್ಲ ಇದರಲ್ಲಿ ನಿಂತಿರುತ್ತವೆ. ಬೆಳಿಗ್ಗೆ ರೀಸ್ಟಾರ್ಟ್ ಮಾಡಿದರೆ ಮೊದಲಿನಂತಾಗುತ್ತದೆ.

ಎಂಟು ಗಂಟೆಗೆ 3ರಿಂದ 6 ಪರ್ಸೆಂಟ್ ಇಳಿದರೆ ಚಿಂತೆ ಬೇಡ. 10 ದಾಟಿದರೆ ಯಾವುದೋ ಒಂದು ಎಚ್ಚರವಾಗಿದೆ. ಮೊದಲ ರಾತ್ರಿ 14, ಎರಡನೇ ರಾತ್ರಿ 2 ಆದರೆ ಒಂದೋ ಸಿಗ್ನಲ್ ಹುಡುಕಾಟ, ಇಲ್ಲವೇ ಇಂಟರ್ನೆಟ್‌ಗೆ ಅಂಟಿಕೊಂಡಿರುವ ಆಪ್. ಇವೆರಡನ್ನು ಬೇರ್ಪಡಿಸುವುದು ಮೂರನೇ ರಾತ್ರಿ: ಸೇಫ್ ಮೋಡ್‌ನಲ್ಲಿ ನೆಟ್‌ವರ್ಕ್ ಆನ್ ಇದ್ದೂ 4ಕ್ಕೆ ಇಳಿದರೆ ತಪ್ಪು ಆಪ್‌ನದು, 13ರಲ್ಲೇ ನಿಂತರೆ ಸಿಗ್ನಲ್ಲಿನದು. ಮೂರೂ ರಾತ್ರಿ 12–14 ಬಂದರೆ ಬ್ಯಾಟರಿಯೇ ಮುದಿಯಾಗಿದೆ ಅಥವಾ ಒಳಗಿನ ಹಾರ್ಡ್‌ವೇರ್ ಸೋರುತ್ತಿದೆ. ಯಾವ ಸೆಟ್ಟಿಂಗೂ ಅದನ್ನು ಸರಿಮಾಡದು.

ಈ ಪರೀಕ್ಷೆ ಮಾಡುವಾಗ ಪೋರ್ಟಿನಲ್ಲಿ ಓಟಿಜಿ ಅಡಾಪ್ಟರ್ (ಪೆನ್‌ಡ್ರೈವನ್ನು ಫೋನಿಗೆ ಜೋಡಿಸುವ ತುಂಡು) ಆಗಲಿ, ಪೆನ್‌ಡ್ರೈವ್ ಆಗಲಿ ಸಿಕ್ಕಿಸಿರಬಾರದು. ಖಾಲಿ ಕೂತ ಪೆನ್‌ಡ್ರೈವ್‌ಗೂ ಫೋನು ಕರೆಂಟು ಕೊಡುತ್ತಲೇ ಇರುತ್ತದೆ, ತಾನೂ ಗಾಢ ನಿದ್ದೆಗೆ ಜಾರುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುವುದು ಇಲ್ಲಿ ಅಕ್ಷರಶಃ ನಿಜ.

ಸಿಗ್ನಲ್: ಹೆಚ್ಚಿನವರು ನೋಡದ ಜಾಗ

ಟವರ್ ದೂರವಿದ್ದಷ್ಟೂ ಫೋನು ಜೋರಾಗಿ ಕೂಗಬೇಕು. ಕೂಗುವುದಕ್ಕೆ ಬೇಕಾದ ಶಕ್ತಿ ಬ್ಯಾಟರಿಯದು. ಬೆಂಗಳೂರಿನಲ್ಲಿ ಎರಡು ದಿನ ಬಂದ ಚಾರ್ಜ್ ಹಬ್ಬಕ್ಕೆಂದು ಮಲೆನಾಡಿನ ಊರಿಗೆ ಹೋದಾಗ ಮಧ್ಯಾಹ್ನಕ್ಕೇ ಮುಗಿಯುವುದು ಇದರಿಂದ. ಫೋನು ಹಾಳಾಗಿಲ್ಲ.

ಕಡ್ಡಿಗಳನ್ನು ನಂಬಬೇಡಿ. ಪ್ರತಿ ಕಂಪನಿಯೂ ತನಗೆ ಬೇಕಾದಂತೆ ಕಡ್ಡಿ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅಲ್ಲಿಂದ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಸ್ಟ್ರೆಂತ್ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಅದು ಋಣ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ -90ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ, -110 ದಾಟಿ ಕೆಳಗಿಳಿದರೆ ದುರ್ಬಲ, -120ರ ಹತ್ತಿರ ಬಂದರೆ ಫೋನು ಏದುಸಿರು ಬಿಡುತ್ತಿದೆ ಅಂತಲೇ ಅರ್ಥ. ಫೋನು ಹಿಡಿದು ಮನೆಯೊಳಗೆ ಓಡಾಡಿ ನೋಡಿ. ನಡುಮನೆಯಲ್ಲಿ -118 ಇದ್ದದ್ದು ಜಗಲಿಗೆ ಬಂದರೆ -104 ಆಗುವುದುಂಟು. ರಾತ್ರಿ ಫೋನು ಇಡುವ ಜಾಗ ಬದಲಾಯಿಸುವುದಕ್ಕೆ ಖರ್ಚೇನೂ ಇಲ್ಲ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ, ಟವರ್ ಬದಲು ವೈಫೈ ಮೂಲಕ ಕರೆ ಸಾಗಿಸುವ ವೈಫೈ ಕಾಲಿಂಗ್ ಆನ್ ಮಾಡಿ. ಜಿಯೋ, ಏರ್‌ಟೆಲ್ ಎರಡರಲ್ಲೂ ಈ ಸೌಲಭ್ಯವಿದೆ. ಸಿಮ್ ಸೆಟ್ಟಿಂಗ್‌ನಲ್ಲೇ ಆಯ್ಕೆ ಸಿಗುತ್ತದೆ.

ಎರಡನೇ ಸಿಮ್ ಕೂಡ ನೋಡಿ. ಆ ಊರಿನಲ್ಲಿ ಟವರೇ ಇಲ್ಲದ ಕಂಪನಿಯ ಸಿಮ್ ಆದರೆ ಫೋನು ಅದಕ್ಕಾಗಿ ದಿನವಿಡೀ ಹುಡುಕುತ್ತಲೇ ಇರುತ್ತದೆ. ಹೊರಗೆ ತೆಗೆಯುವುದು ಬೇಡ, ಸೆಟ್ಟಿಂಗ್‌ನಲ್ಲಿ ಆ ಸಿಮ್ ಅನ್ನು ಆಫ್ ಮಾಡಿದರೆ ಸಾಕು. ಬ್ಯಾಂಕಿನ ಓಟಿಪಿ ಬರುವ ಸಿಮ್ ಅದೇ ಆಗಿದ್ದರೆ ಬೇಕಾದಾಗ ಮಾತ್ರ ಆನ್ ಮಾಡಿಕೊಳ್ಳಿ.

5ಜಿ ಬಂದೂ ಹೋಗಿಯೂ ಮಾಡುವ ಜಾಗದಲ್ಲಿ ‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’ ಅನ್ನು 4ಜಿ ಅಥವಾ ಎಲ್‌ಟಿಇಗೆ ಇಳಿಸಿ. 4ಜಿಯ ಆಸರೆಯ ಮೇಲೆ ನಿಂತ 5ಜಿಯಲ್ಲಿ ಫೋನು ಎರಡೂ ಸಂಪರ್ಕವನ್ನು ಒಟ್ಟಿಗೆ ಹಿಡಿದಿರಬೇಕಾಗುತ್ತದೆ. ಒಂದು ಎಚ್ಚರಿಕೆ: ನಿಮ್ಮದು ಅನ್‌ಲಿಮಿಟೆಡ್ 5ಜಿ ಇರುವ ಪ್ಲಾನ್ ಆದರೆ, 4ಜಿಗೆ ಇಳಿದ ಮೇಲೆ ದಿನದ 2 ಜಿಬಿಯೋ ಎರಡೂವರೆಯೋ ಕರಗಲು ಶುರುವಾಗುತ್ತದೆ.

ಪರದೆ, ಆಪ್‌ಗಳು

ಪರದೆಯ ಬೆಳಕು ಇಳಿಸಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿಲ್ಲದ್ದು, ಡಾರ್ಕ್ ಮೋಡ್ ಎಲ್ಲ ಫೋನಿನಲ್ಲೂ ಉಳಿತಾಯ ಮಾಡುವುದಿಲ್ಲ ಎಂಬುದು. ಅಮೋಲೆಡ್ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಅಂದರೆ ಆ ಚುಕ್ಕೆ ಆರಿದೆ ಅಂತ. ಎಲ್‌ಸಿಡಿಯಲ್ಲಿ ಹಿಂದಿನ ಲೈಟು ಸದಾ ಉರಿಯುತ್ತಿರುತ್ತದೆ, ಕಪ್ಪು ಬಣ್ಣ ಅದನ್ನು ಮುಚ್ಚುತ್ತದೆ ಅಷ್ಟೆ. ನಿಮ್ಮದು ಯಾವುದೆಂದು ತಿಳಿಯಲು ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆಯಿರಿ. ಪರದೆ ಬೂದುಬೂದಾಗಿ ಮಿನುಗಿದರೆ ಎಲ್‌ಸಿಡಿ. 120 ಹರ್ಟ್ಸ್ ರಿಫ್ರೆಶ್ ರೇಟ್ ಅನ್ನು 60ಕ್ಕೆ ಇಳಿಸುವುದು, ಆಲ್ವೇಸ್ ಆನ್ ಡಿಸ್‌ಪ್ಲೇ ನಿಲ್ಲಿಸುವುದು ಎರಡೂ ಲಾಭದ ಕೆಲಸಗಳೇ.

ಆಪ್‌ಗಳಿಗೆ ಬಂದರೆ, ಸೆಟ್ಟಿಂಗ್ಸ್‌ನ ಬ್ಯಾಟರಿ ಯೂಸೇಜ್ ಪುಟದಲ್ಲಿ ಪರ್ಸೆಂಟ್‌ಗಿಂತ ‘ಬ್ಯಾಕ್‌ಗ್ರೌಂಡ್’ ಸಮಯ ನೋಡಿ. ಯೂಟ್ಯೂಬ್ 20 ಪರ್ಸೆಂಟ್ ತಿಂದಿದ್ದರೆ ನೀವೇ ಎರಡು ಗಂಟೆ ನೋಡಿರುತ್ತೀರಿ. ವಾರದಿಂದ ತೆರೆಯದ ಶಾಪಿಂಗ್ ಆಪ್ ಹಿನ್ನೆಲೆಯಲ್ಲಿ ಮೂರು ಗಂಟೆ ಓಡಿದ್ದರೆ ಅದನ್ನು ಹಿಡಿಯಬೇಕು. ಆ ಆಪ್‌ನ ಬ್ಯಾಟರಿ ಆಯ್ಕೆಯಲ್ಲಿ ‘ರಿಸ್ಟ್ರಿಕ್ಟೆಡ್’ ಮಾಡಿ, ಲೊಕೇಶನ್ ಅನುಮತಿಯನ್ನು ‘ಬಳಸುವಾಗ ಮಾತ್ರ’ಕ್ಕೆ ತನ್ನಿ. ವಾಟ್ಸಾಪ್, ಅಲಾರಂ, ಸಕ್ಕರೆ ಅಳೆಯುವ ಸೆನ್ಸರ್‌ಗಳ ಆಪ್ ಇವಕ್ಕೆ ಮಾತ್ರ ಕೈ ಹಾಕಬೇಡಿ. ಸಂದೇಶ, ಎಚ್ಚರಿಕೆ ತಡವಾಗುತ್ತವೆ.

ರೀಸೆಂಟ್ಸ್‌ನಿಂದ (ಈಚೆಗೆ ತೆರೆದ ಆಪ್‌ಗಳ ಪಟ್ಟಿಯಿಂದ) ಆಪ್‌ಗಳನ್ನು ಗುಡಿಸಿ ಗುಡಿಸಿ ಹಾಕುವ ಅಭ್ಯಾಸ ಬಿಡುವುದು ಒಳ್ಳೆಯದು. ಗುಡಿಸಿದ ಆಪ್ ಮತ್ತೆ ತೆರೆದಾಗ ಮೊದಲಿನಿಂದ ಎದ್ದು ಬರಬೇಕು, ಅದಕ್ಕೇ ಹೆಚ್ಚು ಚಾರ್ಜ್. ಫೋನು ತಾನಾಗಿ ಮಲಗುವ ಡೋಜ್ ವ್ಯವಸ್ಥೆ 2015ರ ಆಂಡ್ರಾಯ್ಡ್ 6ರಿಂದಲೇ ಇದೆ. ‘ಬ್ಯಾಟರಿ ಸೇವರ್’, ‘ರ‍್ಯಾಮ್ ಕ್ಲೀನರ್’ ಹೆಸರಿನ ಆಪ್‌ಗಳು ಅದರ ನಿದ್ದೆ ಕೆಡಿಸುತ್ತವೆ. ತೆಗೆದುಹಾಕಿ.

ಬಿಸಿಯೇ ಶತ್ರು

ಲಿಥಿಯಂ ಬ್ಯಾಟರಿಯ ಆಯಸ್ಸು ಕಡಿಮೆ ಮಾಡುವವು ಎರಡು: ಬಿಸಿ ಮತ್ತು ಹೆಚ್ಚಿನ ವೋಲ್ಟೇಜ್. ಎರಡೂ ಸೇರಿದರೆ ಇನ್ನೂ ಬೇಗ. ನೂರು ಪರ್ಸೆಂಟ್ ಇದ್ದಾಗ ಸೆಲ್‌ನ ವೋಲ್ಟೇಜ್ 4.4ರ ಆಸುಪಾಸಿನಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಗಂಟೆಗಟ್ಟಲೆ ಬಿಸಿಯಾಗಿ ಕೂತರೆ ಒಳಗಿನ ರಸಾಯನ ನಿಧಾನವಾಗಿ ಕೆಡುತ್ತದೆ, ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ. ಆಪಲ್ ಕಂಪನಿ ತನ್ನ ಫೋನುಗಳಿಗೆ 16ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ, 35 ದಾಟಬಾರದು ಅನ್ನುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಅಲ್ಲಿ ಫೋನು ಚಾರ್ಜಿಗೆ ಹಾಕಲು ಒಳ್ಳೆಯ ಹೊತ್ತು ಬೆಳಗಿನ ಜಾವ.

ಊಟ ತಲುಪಿಸುವ ಹುಡುಗರ ಬೈಕಿನ ಹ್ಯಾಂಡಲ್ ಮೇಲಿನ ಫೋನನ್ನೇ ನೋಡಿ. ಬಿಸಿಲಿಗೆ ಪರದೆ ಪೂರ್ತಿ ಬೆಳಕಿನಲ್ಲಿದೆ, ಜಿಪಿಎಸ್ ಓಡುತ್ತಿದೆ, ಮೊಬೈಲ್ ಡೇಟಾ ಆನ್, ಕೆಳಗಿನಿಂದ ಬೈಕಿನ ಚಾರ್ಜರ್ ಕರೆಂಟು ತುಂಬುತ್ತಿದೆ, ಹೊರಗಿನಿಂದ ಸೂರ್ಯ ಸುಡುತ್ತಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ಪರದೆ ತಾನಾಗಿ ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ. ಫೋನು ಕೆಟ್ಟಿಲ್ಲ, ಬ್ಯಾಟರಿ ಸುಮಾರು 45 ಡಿಗ್ರಿ ಮುಟ್ಟಿದರೆ ಚಾರ್ಜ್ ತೆಗೆದುಕೊಳ್ಳದಂತೆ ಅದನ್ನು ಕಟ್ಟಿರುತ್ತಾರೆ. ಹೀಗೆ ದುಡಿಯುವ ಫೋನಿಗೆ ಚಾರ್ಜ್ ಮಿತಿಯನ್ನು 80ಕ್ಕೆ ಇಡಿ, ಹಿಂದಿನ ದಪ್ಪ ಕವರ್ ತೆಗೆಯಿರಿ, ಬೇಕಾದ ಪ್ರದೇಶದ ಮ್ಯಾಪನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಬಿಸಿಯಾದ ಫೋನನ್ನು ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ನೀರು ಬೆವರುತ್ತದೆ. ಫ್ಯಾನ್ ಗಾಳಿ ಸಾಕು.

80ರ ಮಿತಿ ಸ್ಯಾಮ್‌ಸಂಗ್‌ನಲ್ಲಿ ‘ಬ್ಯಾಟರಿ ಪ್ರೊಟೆಕ್ಷನ್’, ಪಿಕ್ಸೆಲ್‌ನಲ್ಲಿ ಚಾರ್ಜಿಂಗ್ ಆಪ್ಟಿಮೈಸೇಶನ್, ಐಫೋನ್ 15 ಮತ್ತು ನಂತರದವುಗಳಲ್ಲಿ ‘ಚಾರ್ಜಿಂಗ್’ ಪುಟದಲ್ಲಿದೆ. ದಿನವಿಡೀ ಹೊರಗಿರುವವರು 80ಕ್ಕೆ ಕಟ್ಟಿಕೊಂಡು ಸಂಜೆ ಒದ್ದಾಡುವುದು ಬೇಡ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಇದು ಹೇಳಿ ಮಾಡಿಸಿದ್ದು. ವಾರಕ್ಕೊಮ್ಮೆ ಸೊನ್ನೆಗೆ ಇಳಿಸಿ ನೂರಕ್ಕೆ ಏರಿಸಬೇಕು ಎಂಬುದು ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು, ಈಗ ಅದರಿಂದ ನಷ್ಟವೇ.

ಚಾರ್ಜರ್, ಕೇಬಲ್, ಪವರ್ ಬ್ಯಾಂಕ್

‘65 ವ್ಯಾಟ್ ಚಾರ್ಜರ್ ತಂದೆ, ಆದರೂ ನಿಧಾನ’ ಅನ್ನುವವರ ತೊಂದರೆ ವ್ಯಾಟ್‌ನದಲ್ಲ, ಭಾಷೆಯದು. ಚಾರ್ಜರ್ ಮತ್ತು ಫೋನು ಒಂದೇ ಭಾಷೆ ಆಡಬೇಕು. ಪಿಡಿ (ಪವರ್ ಡೆಲಿವರಿ) ಹಲವು ಕಂಪನಿಗಳು ಆಡುವ ಸಾಮಾನ್ಯ ಭಾಷೆ, ಪಿಪಿಎಸ್ ಅದರದೇ ಒಂದು ಬಗೆ. ಸ್ಯಾಮ್‌ಸಂಗ್‌ನ 25 ವ್ಯಾಟ್ ವೇಗಕ್ಕೆ ಪಿಪಿಎಸ್ ಇರುವ ಪಿಡಿ ಚಾರ್ಜರ್ ಬೇಕು, 45 ವ್ಯಾಟ್‌ಗೆ ಅದರ ಜೊತೆ 5 ಆಂಪಿಯರ್ ತಾಳುವ ಕೇಬಲ್ಲೂ ಬೇಕು. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ, ವಿವೊ ಫೋನುಗಳ ಅತಿವೇಗ ಅವರವರ ಚಾರ್ಜರ್ ಮತ್ತು ಕೇಬಲ್‌ನಲ್ಲೇ ಪೂರ್ತಿ ಸಿಗುವುದು.

ಚಾರ್ಜರ್ ಮತ್ತು ಪವರ್ ಬ್ಯಾಂಕ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ‘ಐಎಸ್ 13252’ ಮತ್ತು ಆರ್ ಅಕ್ಷರದಿಂದ ಶುರುವಾಗುವ 8 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ಬರುತ್ತದೆ. ಪವರ್ ಬ್ಯಾಂಕ್‌ನ ಸಂಖ್ಯೆ ಹಾಕಿದಾಗ ಎಲ್‌ಇಡಿ ಬಲ್ಬ್ ಅಂತ ಬಂದರೆ ಅಂಗಡಿಯವರಿಗೇ ವಾಪಸ್ ಕೊಡಿ.

10,000 ಎಂಎಎಚ್ ಪವರ್ ಬ್ಯಾಂಕ್ 5000 ಎಂಎಎಚ್ ಫೋನನ್ನು ಎರಡು ಸಲ ತುಂಬುವುದಿಲ್ಲ. ಆ 10,000 ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ, ಅಂದರೆ 37 ವ್ಯಾಟ್-ಅವರ್. 5 ವೋಲ್ಟ್‌ಗೆ ಏರಿಸುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ, ಫೋನಿನೊಳಗೆ ಇಳಿಸುವಾಗ ಇನ್ನೊಂದಷ್ಟು. ಉಳಿಯುವುದು 27–28. ನಮ್ಮ 19ರಿಂದ ಭಾಗಿಸಿದರೆ ಒಂದೂವರೆ ಸಲಕ್ಕೂ ಸ್ವಲ್ಪ ಕಡಿಮೆ. ಪವರ್ ಬ್ಯಾಂಕ್ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತ 6000 ಚಿಲ್ಲರೆ ಬರೆದಿರುತ್ತದಲ್ಲ, ಕೊಳ್ಳುವಾಗ ನೋಡಬೇಕಾದ್ದು ಅದನ್ನು.

ಕೇಬಲ್ ಅಲ್ಲಾಡಿಸಿದರೆ ಮಾತ್ರ ಚಾರ್ಜ್ ಆಗುತ್ತಿದ್ದರೆ ಹೊಸ ಕೇಬಲ್ ತರುವ ಮುಂಚೆ ಟಾರ್ಚ್ ಹಿಡಿದು ಪೋರ್ಟಿನೊಳಗೆ ಇಣುಕಿ. ಜೇಬಿನ ದೂಳು, ಬಟ್ಟೆಯ ನಾರು ಒತ್ತಿ ಒತ್ತಿ ತಳದಲ್ಲಿ ಗಟ್ಟಿ ಪದರವಾಗಿರುತ್ತದೆ, ಪ್ಲಗ್ ಪೂರ್ತಿ ಕೂರುವುದೇ ಇಲ್ಲ. ಫೋನು ಆಫ್ ಮಾಡಿ ಮರದ ಹಲ್ಲುಕಡ್ಡಿಯ ತುದಿಯಿಂದ ಅಂಚುಗಳ ಉದ್ದಕ್ಕೂ ಮೆಲ್ಲಗೆ ಕೆರೆದು ತೆಗೆಯಿರಿ. ನಡುವಿನ ನಾಲಿಗೆಯಂಥ ಪಟ್ಟಿಗೆ ಬಲ ಬೀಳಬಾರದು. ಸೂಜಿ, ಸೇಫ್ಟಿ ಪಿನ್ ಹಾಕಿದರೆ ಪಿನ್ನುಗಳು ಶಾರ್ಟ್ ಆಗುತ್ತವೆ. ಪೆನ್‌ಡ್ರೈವ್ ಸಂಪರ್ಕ ಆಗಾಗ ಕಡಿದುಹೋಗುವುದಕ್ಕೂ ಎಷ್ಟೋ ಸಲ ಇದೇ ಕಾರಣ.

ಬ್ಯಾಟರಿ ಬದಲಿಸುವ ಹೊತ್ತು

25 ಪರ್ಸೆಂಟ್ ತೋರಿಸುತ್ತಿದ್ದ ಫೋನು ಕ್ಯಾಮೆರಾ ತೆರೆದ ಕೂಡಲೇ ಆರಿಹೋದರೆ ಬ್ಯಾಟರಿ ಮುಗಿದಿದೆ ಅಂತಲೇ. ಹಳೆಯ ಸೆಲ್‌ನ ಒಳಗಿನ ತಡೆ ಹೆಚ್ಚಾಗಿ, ಒಮ್ಮೆಲೇ ಹೆಚ್ಚು ಕರೆಂಟು ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ. ಇಂಥ ಫೋನಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿದರೂ ಹೀಗೇ ಆಫ್ ಆಗುತ್ತದೆ. ಐಫೋನ್ 14 ಮತ್ತು ಹಿಂದಿನವು 500 ಪೂರ್ಣ ಚಾರ್ಜ್ ಸುತ್ತಿನ ನಂತರ, 15 ಮತ್ತು ನಂತರದವು 1000 ಸುತ್ತಿನ ನಂತರ 80 ಪರ್ಸೆಂಟ್ ಸಾಮರ್ಥ್ಯ ಉಳಿಸಿಕೊಳ್ಳುವಂತೆ ಮಾಡಿದವು. ಅದಕ್ಕಿಂತ ಕೆಳಗಿಳಿದರೆ ಬದಲಿಸಿ. ಹಿಂದಿನ ಮುಚ್ಚಳ ಉಬ್ಬಿದರೆ ಅಥವಾ ಪರದೆಯ ಅಂಚು ಎದ್ದರೆ ಚಾರ್ಜಿಗೆ ಹಾಕುವುದನ್ನು ಅವತ್ತೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಸರ್ವಿಸ್ ಸೆಂಟರಿಗೆ ಕೊಡಿ.

ಹೊರಗಿನ ಸ್ಟೋರೇಜ್: ಸಿಕ್ಕಿಸುವ ಮುಂಚೆ

ಪೆನ್‌ಡ್ರೈವ್ ಹಾಕಿದರೆ ಓದುವ ಶಕ್ತಿಗೆ ಓಟಿಜಿ ಅನ್ನುತ್ತಾರೆ. ಟೈಪ್-ಸಿ ಇರುವ ಬಹುತೇಕ ಫೋನುಗಳಲ್ಲಿ ಇದೆ. ಒಪ್ಪೊ, ರಿಯಲ್‌ಮಿ, ಒನ್‌ಪ್ಲಸ್ ಬಳಸುವವರು ಹಾಕಿದರೂ ಏನೂ ಕಾಣದೆ ಪೆನ್‌ಡ್ರೈವನ್ನೇ ಬೈಯುವುದುಂಟು. ಈ ಫೋನುಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ ‘ಓಟಿಜಿ ಕನೆಕ್ಷನ್’ ಅಂತ ಹುಡುಕಿ ಆನ್ ಮಾಡಬೇಕು. 10 ನಿಮಿಷ ಬಳಸದಿದ್ದರೆ ಬ್ಯಾಟರಿ ಉಳಿಸಲು ತಾನಾಗಿ ಆಫ್ ಆಗುತ್ತದೆ, ಮತ್ತೆ ಆನ್ ಮಾಡಬೇಕಾಗುತ್ತದೆ.

ಕೊಳ್ಳುವುದಾದರೆ ಒಂದು ತುದಿ ಟೈಪ್-ಸಿ, ಇನ್ನೊಂದು ತುದಿ ಹಳೆಯ ಯುಎಸ್‌ಬಿ-ಎ ಇರುವ ಎರಡು ಮುಖದ ಪೆನ್‌ಡ್ರೈವ್ ಅತ್ಯಂತ ಸಲೀಸು. ಮನೆಯಲ್ಲಿರುವ ಹಳೆಯದನ್ನೇ ಬಳಸುವುದಾದರೆ ಟೈಪ್-ಸಿ ಓಟಿಜಿ ಅಡಾಪ್ಟರ್ ಸಾಕು. ದಪ್ಪ ಕವರ್ ಇದ್ದರೆ ಅಡಾಪ್ಟರ್ ಪೂರ್ತಿ ಒಳಗೆ ಕೂರುವುದಿಲ್ಲ, ಕವರ್ ತೆಗೆದು ಸಿಕ್ಕಿಸಿ.

ಮುಂದಿನದು ಫೈಲ್ ಸಿಸ್ಟಮ್, ಅಂದರೆ ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ಇಲ್ಲಿ ಎಡವಿದವರೇ ಹೆಚ್ಚು. ಫ್ಯಾಟ್32 ಎಲ್ಲದರಲ್ಲೂ ಓಡುತ್ತದೆ, ಆದರೆ 4 ಜಿಬಿ ಮೀರಿದ ಒಂದೇ ಫೈಲು ಅದರಲ್ಲಿ ಹಿಡಿಯುವುದಿಲ್ಲ. ಫೋನಿನ 4ಕೆ ವಿಡಿಯೊ ಸೆಕೆಂಡಿಗೆ ಸುಮಾರು 6 ಎಂಬಿ ಬರೆದರೆ 11–12 ನಿಮಿಷಕ್ಕೇ ಆ ಗಡಿ ಬರುತ್ತದೆ. ಮದುವೆಯ ಮುಹೂರ್ತದ ವಿಡಿಯೊ ಮಾತ್ರ ಕಾಪಿ ಆಗದೆ ಉಳಿದದ್ದೆಲ್ಲ ಆಯಿತು ಅಂದರೆ ಕಾರಣ ಇದೇ. ಎನ್‌ಟಿಎಫ್‌ಎಸ್ ವಿಂಡೋಸ್‌ನದು, ಎಷ್ಟೋ ಫೋನುಗಳು ಅದನ್ನು ಓದುವುದೇ ಇಲ್ಲ. ಎರಡರ ನಡುವೆ ಸರಿಹೊಂದುವುದು ಎಕ್ಸ್‌ಫ್ಯಾಟ್: ಫೈಲಿನ ಗಾತ್ರಕ್ಕೆ ಅಡ್ಡಿಯಿಲ್ಲ, ವಿಂಡೋಸ್, ಮ್ಯಾಕ್, ಐಫೋನ್, ಈಗಿನ ಬಹುತೇಕ ಆಂಡ್ರಾಯ್ಡ್ ಎಲ್ಲವೂ ಓದುತ್ತವೆ.

ಎಕ್ಸ್‌ಫ್ಯಾಟ್ ಮಾಡಲು ಡ್ರೈವನ್ನು ಕಂಪ್ಯೂಟರಿಗೆ ಹಾಕಿ, ಅದರಲ್ಲಿರುವುದನ್ನು ಬೇರೆಡೆ ತೆಗೆದಿಟ್ಟು, ದಿಸ್ ಪಿಸಿಯಲ್ಲಿ ಅದರ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್, ಫೈಲ್ ಸಿಸ್ಟಮ್ ಎಕ್ಸ್‌ಫ್ಯಾಟ್, ಕ್ವಿಕ್ ಫಾರ್ಮ್ಯಾಟ್, ಸ್ಟಾರ್ಟ್. ಅಷ್ಟೆ.

ಒಂದು ಅಪಾಯ ಇಲ್ಲಿ ಹೇಳಲೇಬೇಕು. ಎನ್‌ಟಿಎಫ್‌ಎಸ್ ಡಿಸ್ಕನ್ನು ಓದಲಾಗದ ಫೋನಿಗೆ ಹಾಕಿದಾಗ ‘ಯುಎಸ್‌ಬಿ ಡ್ರೈವ್‌ನಲ್ಲಿ ತೊಂದರೆ, ಸರಿಪಡಿಸಲು ಒತ್ತಿ’ ಎಂಬಂಥ ಸೂಚನೆ ಬರುತ್ತದೆ. ಸರಿಪಡಿಸುವುದು ಅಂದರೆ ಅದರ ಅರ್ಥದಲ್ಲಿ ಫಾರ್ಮ್ಯಾಟ್ ಮಾಡುವುದು, ಒತ್ತಿದರೆ ಇರುವುದೆಲ್ಲ ಹೋಗುತ್ತದೆ. ಡಿಸ್ಕ್ ಕೆಟ್ಟಿಲ್ಲ, ಫೋನಿಗೆ ಓದಲು ಬರುವುದಿಲ್ಲ ಅಷ್ಟೆ. ತೆಗೆದು ಕಂಪ್ಯೂಟರಿಗೆ ಹಾಕಿ.

ಫೋಟೊ, ವಿಡಿಯೊ ಸಾಗಿಸುವ ಕ್ರಮ

1. ಫೋನಿನಲ್ಲಿ ಕನಿಷ್ಠ 50 ಪರ್ಸೆಂಟ್ ಚಾರ್ಜ್ ಇರಲಿ. ಕಾಪಿ ನಡುವೆ ಫೋನು ಆರಿದರೆ ಡ್ರೈವಿನ ಫೈಲ್ ಪಟ್ಟಿಯೇ ಕೆಡಬಹುದು.
2. ಡ್ರೈವ್ ಸಿಕ್ಕಿಸಿ, ನೋಟಿಫಿಕೇಶನ್ ಬರುವವರೆಗೆ ಕಾಯಿರಿ. ಫೈಲ್ಸ್ ಬೈ ಗೂಗಲ್ ಅಥವಾ ಸ್ಯಾಮ್‌ಸಂಗ್‌ನ ಮೈ ಫೈಲ್ಸ್ ತೆರೆದರೆ ಸ್ಟೋರೇಜ್ ಪಟ್ಟಿಯಲ್ಲಿ ಯುಎಸ್‌ಬಿ ಕಾಣುತ್ತದೆ.
3. ಡ್ರೈವಿನಲ್ಲಿ ತಿಂಗಳ ಹೆಸರಿನ ಫೋಲ್ಡರ್ ಮಾಡಿ. ಕ್ಯಾಮೆರಾ ಚಿತ್ರಗಳು ‘ಡಿಸಿಐಎಂ’ ಒಳಗೆ ಇರುತ್ತವೆ. ವಾಟ್ಸಾಪ್‌ನವು ಆಂಡ್ರಾಯ್ಡ್, ಮೀಡಿಯಾ, ಕಾಮ್.ವಾಟ್ಸಾಪ್, ವಾಟ್ಸಾಪ್, ಮೀಡಿಯಾ ಎಂಬ ಫೋಲ್ಡರುಗಳ ಸಾಲಿನ ತುದಿಯಲ್ಲಿ.
4. ‘ಮೂವ್’ ಬೇಡ, ‘ಕಾಪಿ’ ಮಾಡಿ. ಮೂವ್ ನಡುವೆ ಸಂಪರ್ಕ ಕಡಿದರೆ ಯಾವ ಫೈಲು ಎಲ್ಲಿದೆ ಅಂತ ಹುಡುಕುವುದೇ ದಿನದ ಕೆಲಸವಾಗುತ್ತದೆ.
5. ಮುಗಿಯುವವರೆಗೆ ಫೋನನ್ನು ಮೇಜಿನ ಮೇಲೆ ಬಿಡಿ. ಪರದೆ ಆರಿದ ಕೂಡಲೇ ಕಾಪಿ ನಿಲ್ಲುತ್ತಿದ್ದರೆ ಆ ಫೈಲ್ ಆಪ್‌ನ ಬ್ಯಾಟರಿ ಆಯ್ಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ.
6. ಎರಡೂ ಕಡೆಯ ಫೋಲ್ಡರುಗಳ ಫೈಲ್ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡಿ. ದೊಡ್ಡ ವಿಡಿಯೊ ಒಂದನ್ನು ಡ್ರೈವಿನಿಂದಲೇ ತೆರೆದು ಕೊನೆಯ ನಿಮಿಷಕ್ಕೆ ಎಳೆದು ನೋಡಿ. ಅರ್ಧಕ್ಕೆ ನಿಂತ ಕಾಪಿ ಮೊದಲ ನಿಮಿಷ ಚೆನ್ನಾಗಿಯೇ ಓಡಬಹುದು.
7. ನೋಟಿಫಿಕೇಶನ್‌ನಲ್ಲಿ ‘ಎಜೆಕ್ಟ್’ ಒತ್ತಿ, ಆಮೇಲೆ ಕೀಳಿ. ಕಾಪಿ ಮುಗಿಯಿತು ಅಂತ ಪರದೆ ಹೇಳಿದರೂ ಕೊನೆಯ ಒಂದಷ್ಟು ಫೋನಿನ ಮೆಮೊರಿಯಲ್ಲೇ ಕಾಯುತ್ತಿರಬಹುದು.

ಫೋನಿನಿಂದ ಅಳಿಸುವಾಗ ಗೂಗಲ್ ಫೋಟೋಸ್ ಆಪ್‌ನಿಂದ ಅಳಿಸಬೇಡಿ. ಬ್ಯಾಕಪ್ ಆನ್ ಇದ್ದರೆ ಕ್ಲೌಡಿನ ಪ್ರತಿಯೂ ಜೊತೆಗೇ ಹೋಗುತ್ತದೆ. ಅದರಲ್ಲಿರುವ ‘ಫ್ರೀ ಅಪ್ ಸ್ಪೇಸ್’ ಬಳಸಿ. ಅಳಿಸಿದರೂ ಜಾಗ ಖಾಲಿಯಾಗದಿದ್ದರೆ ಟ್ರ್ಯಾಶ್ ಫೋಲ್ಡರ್ ನೋಡಿ, ಅಲ್ಲಿ ಇನ್ನೂ ಕೂತಿರುತ್ತದೆ.

ವೇಗದ ಮಾತು: ಮಧ್ಯಮ ಬೆಲೆಯ ಬಹಳಷ್ಟು ಫೋನುಗಳ ಟೈಪ್-ಸಿ ಪೋರ್ಟಿನ ಒಳಗಿರುವುದು ಯುಎಸ್‌ಬಿ 2.0. ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಕೈಗೆ ಸಿಗುವುದು 30–40 ಎಂಬಿ. 64 ಜಿಬಿಗೆ ಅರ್ಧ ಗಂಟೆ. ಇಂಥ ಫೋನಿಗೆ ದುಬಾರಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ತಂದರೂ ಇದಕ್ಕಿಂತ ಬೇಗ ಆಗದು. ಎಸ್‌ಎಸ್‌ಡಿಯನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಜೋಡಿಸಿದರೂ ಹೀಗೇ. ಫೋನಿನ ಜೊತೆ ಬಂದ ಕೇಬಲ್ ಸಾಮಾನ್ಯವಾಗಿ 2.0 ತಂತಿಯದು. ವಾಟ್ಸಾಪ್‌ನ ಸಾವಿರಾರು ಪುಟ್ಟ ಚಿತ್ರಗಳು ಒಂದು ದೊಡ್ಡ ವಿಡಿಯೊಗಿಂತ ಎಷ್ಟೋ ನಿಧಾನ, ಏಕೆಂದರೆ ಪ್ರತಿ ಫೈಲಿಗೂ ತೆರೆದು, ಬರೆದು, ಮುಚ್ಚುವ ಶಾಸ್ತ್ರ ಇದೆ.

ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂದರೆ

ಪೆನ್‌ಡ್ರೈವ್‌ಗೆ 1 ವ್ಯಾಟ್ ಆಸುಪಾಸು ಸಾಕು. 2.5 ಇಂಚಿನ ಹಾರ್ಡ್‌ಡಿಸ್ಕ್‌ನ ಒಳಗೆ ತಟ್ಟೆ ತಿರುಗಬೇಕು, ಓಡುವಾಗ ಸುಮಾರು 2.5 ವ್ಯಾಟ್ ಹಿಡಿಯುತ್ತದೆ. ವೋಲ್ಟೇಜ್ ಏರಿಸುವ ನಷ್ಟ ಸೇರಿದರೆ ಫೋನು 3ರ ಹತ್ತಿರ ಕೊಡಬೇಕು. ನಮ್ಮ 19ರಲ್ಲಿ ಗಂಟೆಗೆ 15 ಪರ್ಸೆಂಟ್ ಡಿಸ್ಕಿಗೇ ಹೋಯಿತು, ಪರದೆಯ ಲೆಕ್ಕ ಬೇರೆ. ಅದಕ್ಕಿಂತ ಕಷ್ಟದ್ದು ಮೊದಲ ಒಂದೆರಡು ಸೆಕೆಂಡ್: ನಿಂತ ತಟ್ಟೆ ತಿರುಗಲು ಶುರುವಾಗುವಾಗ ಕರೆಂಟು ಜಿಗಿಯುತ್ತದೆ. ಫೋನು ಅಷ್ಟು ಕೊಡಲಾರದೆ ಕೈಬಿಡುತ್ತದೆ, ಡಿಸ್ಕ್ ನಿಲ್ಲುತ್ತದೆ, ಮತ್ತೆ ಯತ್ನಿಸುತ್ತದೆ. ಕೇಳುವ ಟಿಕ್ ಟಿಕ್ ಸದ್ದು ಅದೇ. ತಕ್ಷಣ ತೆಗೆಯಿರಿ. ಒಂದೋ ಪ್ರತ್ಯೇಕ ಕರೆಂಟು ಇರುವ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಬಳಸಿ, ಇಲ್ಲವೇ ಎಸ್‌ಎಸ್‌ಡಿಗೆ ಬದಲಾಗಿ. ಗೋಡೆ ಅಡಾಪ್ಟರ್ ಇರುವ 3.5 ಇಂಚಿನ ದೊಡ್ಡ ಡಿಸ್ಕ್‌ಗೆ ಈ ಗೋಳಿಲ್ಲ, ಅದು ಕರೆಂಟನ್ನು ಫೋನಿನಿಂದ ಕೇಳುವುದಿಲ್ಲ.

ಮೆಮೊರಿ ಕಾರ್ಡ್

ಕಾರ್ಡ್ ಜಾಗ ಇರುವ ಫೋನು ಸಿಕ್ಕರೆ ಅದೃಷ್ಟ. 128 ಜಿಬಿ ಕಾರ್ಡ್ 119 ಅಂತ ತೋರಿಸುವುದು ಮೋಸವಲ್ಲ, ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ವ್ಯತ್ಯಾಸ. ಮೋಸ ಬೇರೆ ಇದೆ: 16 ಜಿಬಿ ಚಿಪ್‌ಗೆ ‘ನಾನು 256’ ಎಂದು ಹೇಳಲು ಕಲಿಸಿದ ಕಾರ್ಡುಗಳು. 16 ತುಂಬುವವರೆಗೆ ಎಲ್ಲ ಸರಿ, ಆಮೇಲೆ ಬರೆದದ್ದು ಕಾಣೆ ಅಥವಾ ಹಳೆಯದರ ಮೇಲೇ ಬರೆದುಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದರೂ ಆನ್‌ಲೈನ್‌ನಲ್ಲಿ ತರಿಸಿದರೂ ಮೊದಲ ದಿನವೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿ ನೋಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. 4ಕೆ ವಿಡಿಯೊ ತೆಗೆಯುವವರು ಕಾರ್ಡಿನ ಮೇಲೆ ಯು3 ಅಥವಾ ವಿ30 ಗುರುತು ನೋಡಿ ತನ್ನಿ, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಭರವಸೆ ಅದು. ಕಾರ್ಡನ್ನು ‘ಇಂಟರ್ನಲ್ ಸ್ಟೋರೇಜ್’ ಆಗಿ ಬಳಸುವ ಆಯ್ಕೆ ಕಂಡರೆ ಬಿಟ್ಟುಬಿಡುವುದೇ ಲೇಸು. ಆಗ ಕಾರ್ಡ್ ಆ ಫೋನಿಗೇ ಬೀಗ ಹಾಕಿಕೊಳ್ಳುತ್ತದೆ. ಫೋನು ಕೆಟ್ಟರೆ ಕಾರ್ಡಿನ ಚಿತ್ರಗಳೂ ಹೋದಂತೆ.

ಐಫೋನ್

2023ರ ಐಫೋನ್ 15ರಿಂದ ಟೈಪ್-ಸಿ ಬಂದಿದೆ, ಪೆನ್‌ಡ್ರೈವ್ ನೇರ ಹಾಕಬಹುದು. ಡ್ರೈವಿನಲ್ಲಿ ಒಂದೇ ಪಾರ್ಟಿಶನ್ (ವಿಭಾಗ) ಇರಬೇಕು. ಫೈಲ್ಸ್ ಆಪ್‌ನ ಬ್ರೌಸ್ ಪುಟದಲ್ಲಿ ಕಾಣುತ್ತದೆ. ಎಜೆಕ್ಟ್ ಗುಂಡಿ ಕಾಣದಿದ್ದರೆ ಕಾಪಿ ಮುಗಿದ ಮೇಲೆ ಒಂದೆರಡು ನಿಮಿಷ ತಡೆದು ಕೀಳಿ. ಫೋಟೋಸ್‌ನಿಂದ ಕಳಿಸುವಾಗ ‘ಎಕ್ಸ್‌ಪೋರ್ಟ್ ಅನ್‌ಮಾಡಿಫೈಡ್ ಒರಿಜಿನಲ್’ ಆರಿಸಿದರೆ ಮೂಲ ಗುಣಮಟ್ಟದಲ್ಲೇ ಹೋಗುತ್ತದೆ. 15 ಮತ್ತು 15 ಪ್ಲಸ್‌ನ ವೇಗ ಯುಎಸ್‌ಬಿ 2.0ದಷ್ಟೇ, 15 ಪ್ರೊದಲ್ಲಿ ಸರಿಯಾದ ಕೇಬಲ್ ಇದ್ದರೆ ಸೆಕೆಂಡಿಗೆ 10 ಗಿಗಾಬಿಟ್‌ವರೆಗೆ. ಹಳೆಯ ಲೈಟ್ನಿಂಗ್ ಫೋನುಗಳಿಗೆ ಚಾರ್ಜರ್ ಸಿಕ್ಕಿಸುವ ಎರಡನೇ ತೂತು ಇರುವ ಆಪಲ್‌ನ ಕ್ಯಾಮೆರಾ ಅಡಾಪ್ಟರ್ ಬೇಕು. ‘ಈ ಸಾಧನಕ್ಕೆ ಹೆಚ್ಚು ಪವರ್ ಬೇಕು’ ಅಂತ ಬಂದರೆ ಆ ತೂತಿಗೆ ಚಾರ್ಜರ್ ಹಾಕಿದರೆ ಸರಿಹೋಗುತ್ತದೆ.

ಚಾರ್ಜೂ ಆಗಬೇಕು, ಕಾಪಿಯೂ ಆಗಬೇಕು

ನೂರಾರು ಜಿಬಿ ಸಾಗಿಸುವವರಿಗೆ ಬೇಕಾದ್ದು ಪಿಡಿ ಪಾಸ್-ಥ್ರೂ (ಚಾರ್ಜರಿನ ಕರೆಂಟನ್ನು ಫೋನಿಗೂ ದಾಟಿಸುವ ಸೌಲಭ್ಯ) ಇರುವ ಟೈಪ್-ಸಿ ಹಬ್. ಮೊದಲು ಚಾರ್ಜರನ್ನು ಹಬ್‌ಗೆ ಜೋಡಿಸಿ, ಆಮೇಲೆ ಹಬ್ ಅನ್ನು ಫೋನಿಗೆ, ಕೊನೆಗೆ ಡಿಸ್ಕನ್ನು ಹಬ್‌ಗೆ. ಈ ಕ್ರಮದಲ್ಲಿ ಡಿಸ್ಕ್ ಎದ್ದೇಳುವ ಹೊತ್ತಿನ ಜಿಗಿತ ಚಾರ್ಜರಿನ ಮೇಲೆ ಬೀಳುತ್ತದೆ. ಫೋನಿನ ಸ್ವಂತ ಅತಿವೇಗದ ಚಾರ್ಜಿಂಗ್ ಹಬ್ ಮೂಲಕ ಸಿಗದು, ಮಾಮೂಲಿ ವೇಗದಲ್ಲೇ ತುಂಬುತ್ತದೆ. ಕಾಪಿ ಹೊತ್ತಿನಲ್ಲಿ ಅದೇ ಒಳ್ಳೆಯದು, ಬಿಸಿ ಕಡಿಮೆ. ಕಾಪಿ ನಡೆಯುವಾಗ ಕರೆಂಟು ಹೋದರೆ ಅಥವಾ ಯಾರಾದರೂ ಚಾರ್ಜರ್ ಕಿತ್ತರೆ, ಕೊಡುವವರು ಯಾರು ತೆಗೆದುಕೊಳ್ಳುವವರು ಯಾರು ಅಂತ ಫೋನು ಮತ್ತು ಹಬ್ ಮತ್ತೆ ತೀರ್ಮಾನಿಸಬೇಕು. ಆ ಕ್ಷಣ ಎಷ್ಟೋ ಹಬ್‌ಗಳಲ್ಲಿ ಡಿಸ್ಕಿನ ಸಂಪರ್ಕ ಕಡಿಯುತ್ತದೆ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಗೋಡೆಯ ಚಾರ್ಜರ್ ಬದಲು ಪಿಡಿ ಇರುವ ಪವರ್ ಬ್ಯಾಂಕನ್ನೇ ಹಬ್‌ಗೆ ಹಾಕಿ.